ಒಂದು ಕಾಪಿಯ ಬಾಕಿ

ಕ್ಯಾಮೆರಾ ಹೆಗಲಿಗೇರಿಸಿಕೊಂಡವರು ಊರೂರಲ್ಲಿ ಹೇಳಿಬರುವ ಸುಳ್ಳು ಒಂದೇ: ‘ಫೋಟೋ ಕಳಿಸಿಕೊಡ್ತೀನಿ.’ ಹೇಳುವ ಗಳಿಗೆಯಲ್ಲಿ ಅದು ಸುಳ್ಳಾಗಿರುವುದಿಲ್ಲ. ವಿಳಾಸ ಬರೆದುಕೊಳ್ಳುತ್ತಾರೆ, ಪಿನ್‌ಕೋಡ್ ಕೂಡ ಕೇಳುತ್ತಾರೆ. ಊರಿಗೆ ಮರಳಿ, ರೀಲು ತೊಳೆದು, ಹತ್ತು ಜನಕ್ಕೆ ತೋರಿಸಿ, ಯಾವುದೋ ಸ್ಪರ್ಧೆಗೆ ಕಳಿಸುವ ಹೊತ್ತಿಗೆ ಆ ಚೀಟಿ ಪ್ಯಾಂಟಿನ ಜೇಬಿನಲ್ಲೇ ಕೂತು ಒಗೆತಕ್ಕೆ ಹೋಗಿರುತ್ತದೆ. ಅತ್ತ ಹಳ್ಳಿಯಲ್ಲಿ ಒಬ್ಬರು ಅಂಚೆಯವನು ಬಂದಾಗಲೆಲ್ಲ ಒಮ್ಮೆ ಕೇಳಿ ನೋಡುತ್ತಾರೆ. ಕೆಲವು ದಿನ ಕಳೆದ ಮೇಲೆ ಕೇಳುವುದನ್ನು ಬಿಡುತ್ತಾರೆ.

ಮೈಸೂರಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಈಗಲೂ ರೀಲು ಹಾಕಿಯೇ ಫೋಟೋ ತೆಗೆಯುವವನು. ಅಂಥವರ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ ಒಂದು ರಾಗ ಹಿಡಿಯುತ್ತದೆ: ಫಿಲ್ಮ್ ಅಂದರೆ ತಾಳ್ಮೆ, ಫೋನ್ ಅಂದರೆ ಅವಸರ. ಆ ರಾಗ ಕೇಳಿ ಕೇಳಿ ನನಗೆ ಸಾಕಾಗಿದೆ. ಕ್ಯಾಮೆರಾದಿಂದ ಯಾರಿಗೂ ತಾಳ್ಮೆ ಬಂದದ್ದನ್ನು ನಾನು ಕಂಡಿಲ್ಲ. ಇವನಂತೂ ಬಸ್ಸು ಐದು ನಿಮಿಷ ತಡವಾದರೆ ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುವ ಆಸಾಮಿ. ಫಿಲ್ಮಿನ ವಿಷಯದಲ್ಲಿ ನನ್ನನ್ನು ಕಾಡುವುದು ಬೇರೆ ಸಂಗತಿ. ಫೋನಿನಲ್ಲಿ ತೆಗೆದರೆ ಅಲ್ಲೇ ತಿರುಗಿಸಿ ತೋರಿಸಬಹುದು. ಎದುರಿನವರು ‘ಚೆನ್ನಾಗಿದೆ’ ಎಂದೋ, ‘ಕಣ್ಣು ಮುಚ್ಚಿಬಿಟ್ಟಿದೀನಿ, ಇನ್ನೊಂದು ತೆಗೀರಿ’ ಎಂದೋ ಹೇಳುತ್ತಾರೆ, ವ್ಯವಹಾರ ಅಲ್ಲಿಗೆ ಚುಕ್ತಾ. ರೀಲಿನಲ್ಲಿ ಹಾಗಾಗುವುದಿಲ್ಲ. ಬೆಳಕು ಬಿದ್ದ ಬೆಳ್ಳಿ ಲವಣದ ಹರಳಿನಲ್ಲಿ ಆಗುವ ಬದಲಾವಣೆ ಬರೀ ಕೆಲವು ಪರಮಾಣುಗಳಷ್ಟು; ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ರಾಸಾಯನಿಕದಲ್ಲಿ ಅದ್ದುವವರೆಗೂ ಆ ಮುಖ ಹಾಗೇ ಕತ್ತಲಲ್ಲಿ ಕೂತಿರುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಮುಖ ಕೊಟ್ಟವರೂ ನೋಡಿಲ್ಲ, ತೆಗೆದುಕೊಂಡವನೂ ನೋಡಿಲ್ಲ. ನಂಬಿಕೆಯ ಮೇಲೆ ನಡೆದ ಕೈಗಡ ಅದು.

ಈ ಕೈಗಡವನ್ನು ಬೆಳೆಸಿಕೊಳ್ಳುತ್ತ ಹೋದವರಲ್ಲಿ ಅಮೆರಿಕದ ಗ್ಯಾರಿ ವಿನೋಗ್ರಾಂಡ್‌ನನ್ನು ಮೀರಿಸಿದವರಿಲ್ಲ. ನ್ಯೂಯಾರ್ಕಿನ ಬೀದಿಗಳಲ್ಲಿ ಫೋಟೋ ತೆಗೆಯುತ್ತ ತಿರುಗಿದ ಈತ ಬೇಕೆಂದೇ ರೀಲುಗಳನ್ನು ವರ್ಷ, ಎರಡು ವರ್ಷ ತೊಳೆಯದೆ ಇಡುತ್ತಿದ್ದ. ತೆಗೆದ ದಿನದ ಸಂಭ್ರಮ ಆರಿಹೋಗಲಿ, ಆಮೇಲೆ ನೋಡಿದರೆ ಚಿತ್ರದ ಯೋಗ್ಯತೆ ತಿಳಿಯುತ್ತದೆ ಎಂಬುದು ಅವನ ವಾದ. ವಾದವೇನೋ ಸರಿಯಾದದ್ದೇ. ಆದರೆ 1984ರಲ್ಲಿ, 56ನೇ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ತೊಳೆಯದೆ ಉಳಿದ ರೀಲುಗಳೇ ಸುಮಾರು 2,500 ಇದ್ದವು. ರೀಲಿಗೆ 36ರಂತೆ ಲೆಕ್ಕ ಹಾಕಿದರೆ ತೊಂಬತ್ತು ಸಾವಿರ ಚಿತ್ರ. ಕಲಾವಿಮರ್ಶಕರು ಇದನ್ನು ಅವನ ಹಸಿವು ಎಂದರು, ಗೀಳು ಎಂದರು. ನನಗೆ ಕಾಣುವುದು ಕಂತೆ ಕಂತೆ ಬಾಕಿ. ಬೀದಿಯ ಜನ ಅವನನ್ನು ಕಾಪಿ ಕೇಳಿರಲಿಲ್ಲ ಎನ್ನುವುದು ನಿಜ. ಕೇಳಲು ಅವರಿಗೆ ಅವಕಾಶವೇ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ. ಇಂಥ ಬಾಕಿಗೆ ಒಮ್ಮೆ ವಾಯಿದೆಯೂ ಬಿದ್ದಿತ್ತು. ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ಕೊಡಕ್ ಕಂಪನಿ 2009ರಲ್ಲಿ ನಿಲ್ಲಿಸಿತು. ಅದನ್ನು ತೊಳೆಯುವ ವಿಧಾನವೇ ಬೇರೆ. ಕೊನೆಗೆ ಜಗತ್ತಿನಲ್ಲಿ ಉಳಿದದ್ದು ಕ್ಯಾನ್ಸಸ್‌ನ ಪಾರ್ಸನ್ಸ್ ಎಂಬ ಸಣ್ಣ ಊರಿನ ಒಂದೇ ಲ್ಯಾಬು. 2010ರ ಡಿಸೆಂಬರ್ 30ರ ನಂತರ ರೀಲು ತೆಗೆದುಕೊಳ್ಳುವುದಿಲ್ಲ ಎಂದು ಅವರು ಹೇಳಿದ್ದೇ ತಡ, ದೇಶದೇಶಗಳ ಮೇಜಿನ ಖಾನೆಗಳಿಂದ ಮರೆತುಹೋದ ರೀಲುಗಳೆಲ್ಲ ಎದ್ದು ಹೊರಟವು.

ನನ್ನ ಗೆಳೆಯನ ಬಾಕಿ ಈ ಗಾತ್ರದ್ದಲ್ಲ. ಅವನ ಕೈಯಲ್ಲಿ ಈಗ ಮೂರು ಕೆಲಸ ನಡೆಯುತ್ತಿವೆ. ಒಂದು, ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರದ್ದು. ಇನ್ನೊಂದು, ಸಣ್ಣ ಊರುಗಳ ಹಳೆಯ ಫೋಟೋ ಸ್ಟುಡಿಯೋಗಳದ್ದು. ಮೂರನೆಯದು ಮೈಸೂರಿನ ಟಾಂಗಾದವರದ್ದು. ಅದು ಯಾವ ಕಾಲಕ್ಕೂ ಮುಗಿಯುವ ಲಕ್ಷಣ ನನಗೆ ಕಾಣಿಸುತ್ತಿಲ್ಲ, ಬಿಡಿ. ಮೂರಕ್ಕೂ ಸೇರಿ ಒಂದೇ ನೋಟ್‌ಬುಕ್ಕು. ಎಡಗಡೆಯ ಪುಟದಲ್ಲಿ ಅಪರ್ಚರ್, ಶಟರ್ ವೇಗ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂಬ ವಿವರ. ಬಲಗಡೆಯ ಪುಟದಲ್ಲಿ ಯಾರಿಗೆ ಎಷ್ಟು ಕಾಪಿ ಕೊಡಬೇಕು ಎಂಬುದು. ಹೆಸರಿನ ಪಕ್ಕದಲ್ಲಿ ‘ಬೇವಿನ ಮರದ ಎದುರು ಮನೆ’, ‘ಎಡಗಾಲು ಸ್ವಲ್ಪ ಎಳೆದು ನಡೆಯುವವರು’ ಎಂಬಂಥ ಗುರುತುಗಳು. ಎಡಗಡೆ ಓದಿದರೆ ಇವನು ಕಲಾವಿದ, ಬಲಗಡೆ ಓದಿದರೆ ಸಾಲಗಾರ. ಬಲಗಡೆಯ ಪುಟವೇ ಹೆಚ್ಚು ತುಂಬಿದೆ.

ಹೋದ ಸಲ ಗುಳೇದಗುಡ್ಡಕ್ಕೆ ನಾನೂ ಜೊತೆಗೆ ಹೋಗಿದ್ದೆ. ಕುಣಿ ಮಗ್ಗದ ಮನೆಗಳಲ್ಲಿ ಬೆಳಕು ಕಡಿಮೆ. ನೇಯುವವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಾಲಿನಿಂದ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತಿರುತ್ತಾರೆ. ಸಣ್ಣ ಕಿಟಕಿಯಿಂದ ಬಿದ್ದ ಬೆಳಕು ಹಾಸಿನ ಮೇಲೆ ಒಂದು ಪಟ್ಟಿಯಂತೆ ನಿಂತಿರುತ್ತದೆ. ಕಪ್ಪು-ಬಿಳುಪಿನಲ್ಲಿ ಫೋಟೋ ತೆಗೆಯುವವನಿಗೆ ಇದಕ್ಕಿಂತ ಬೇರೆ ಸ್ವರ್ಗವಿಲ್ಲ. ಇವನು ಐಎಸ್‌ಒ 400ರ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು ತೆಗೆಯುತ್ತಾನೆ, ಅದರಿಂದಾಗುವ ಬೆಳಕಿನ ಕೊರತೆಯನ್ನು ತೊಳೆಯುವಾಗ ಹೆಚ್ಚು ಹೊತ್ತು ಕೊಟ್ಟು ತುಂಬಿಸಿಕೊಳ್ಳುತ್ತಾನೆ. ಅದಕ್ಕೂ ಹಿಂದೆ ಹಾಗೆ ತೆಗೆದ ಚಿತ್ರಗಳಲ್ಲಿ ಒಬ್ಬ ಹಿರಿಯ ಹೆಂಗಸಿನದೊಂದಿತ್ತು. ಮಗ್ಗದಿಂದ ತಲೆಯೆತ್ತಿ ಪಕ್ಕಕ್ಕೆ ನೋಡುತ್ತಿದ್ದಾರೆ, ಅರ್ಧ ಮುಖ ನೆರಳಲ್ಲಿದೆ, ಬೆರಳುಗಳು ಮಾತ್ರ ಹೊಳೆಯುತ್ತಿವೆ. ನಾನು ನೋಡಿದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು. ಅದರ ದೊಡ್ಡ ಕಾಪಿಯೊಂದನ್ನು ಒಳ್ಳೆಯ ಕಾಗದದ ಮೇಲೆ ಹಾಕಿ, ರಟ್ಟಿನ ನಡುವೆ ಇಟ್ಟು, ಜೋಪಾನವಾಗಿ ಒಯ್ದಿದ್ದ. ಕೊಟ್ಟ ಮಾತು ಉಳಿಸಿಕೊಂಡವನ ಹೆಮ್ಮೆ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಆಕೆ ಕಾಪಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ದೂರ ಹಿಡಿದರು, ಹತ್ತಿರ ತಂದರು. ಆಮೇಲೆ ಕೇಳಿದರು: “ಇದೇನ್ರೀ ಸಾಹೇಬ್ರ, ನನ್ನ ಕುಂಕುಮಾ ಕರ್ರಗ ಬಂದೈತಿ?”

ಇವನು ಬ್ಲ್ಯಾಕ್ ಅಂಡ್ ವೈಟ್ ಅವ್ವಾರೇ, ಅದರಲ್ಲಿ ಕೆಂಪು ಹಾಗೇ ಬರೋದು ಎಂದು ವಿವರಿಸಲು ಹೊರಟ. ಆಕೆ ಬಿಡಲಿಲ್ಲ. “ಖಣದ ಬಣ್ಣ ಎಲ್ಲಿ ಹೋತು? ಇಡೀ ದಿನ ಕುಂತು ನೇಯ್ದದ್ದು ಒಂದೂ ಕಾಣವಲ್ದು. ಬರೇ ಮಾರಿ ಮ್ಯಾಲಿನ ಸುಕ್ಕ ಕಾಣಾಕತ್ತಾವು.”

ಆಕೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಮಗ್ಗದ ಮೇಲಿದ್ದ ಗಾಢ ಕೆಂಪು ಮತ್ತು ಹಸಿರು ಎರಡೂ ಫಿಲ್ಮಿನಲ್ಲಿ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು. ಬಣ್ಣದಲ್ಲೇ ಬದುಕು ಕಳೆದವರಿಗೆ ಬಣ್ಣವನ್ನೇ ತೆಗೆದು ಕೊಟ್ಟಂತಾಗಿತ್ತು. ಆಕೆಗೆ ಬೇಕಿದ್ದದ್ದು ಏನೆಂದು ಕೇಳಿದರೆ ಆಮೇಲೆ ಸಲೀಸಾಗಿ ಹೇಳಿದರು: ಇಳಕಲ್ ಸೀರೆ ಉಟ್ಟು, ತಾವೇ ನೇಯ್ದ ಖಣದ ಕುಪ್ಪಸ ತೊಟ್ಟು, ಯಜಮಾನರ ಪಕ್ಕ ನಿಂತು, ನೆಟ್ಟಗೆ ಕ್ಯಾಮೆರಾ ನೋಡುತ್ತ, ಕಾಲಿನವರೆಗೆ ಪೂರ್ತಿ ಬರುವಂಥದ್ದು. ಗೋಡೆಗೆ ಹಾಕುವುದಕ್ಕೆ. ಮೊಮ್ಮಗ ಫೋನಿನಲ್ಲಿ ಬೇಕಾದಷ್ಟು ತೆಗೆದಿದ್ದಾನಂತೆ, ಒಂದೂ ಕೈಗೆ ಬಂದಿಲ್ಲವಂತೆ. ರೀಲೋ ಫೋನೋ ಆಕೆಗೆ ಎರಡೂ ಒಂದೇ. ಫಿಲ್ಮಿನ ಮೋಹ ನಮ್ಮದು, ಅದಕ್ಕೂ ಅವರಿಗೂ ಸಂಬಂಧವಿಲ್ಲ.

ಮರಳುವ ದಾರಿಯುದ್ದಕ್ಕೂ ಇವನು ಮಾತಾಡಲಿಲ್ಲ. ನನಗೆ ಮಾತ್ರ ಡೊರೊಥಿಯಾ ಲ್ಯಾಂಗ್ ತೆಗೆದ ಆ ಪ್ರಸಿದ್ಧ ಚಿತ್ರ ತಲೆಯೊಳಗೆ ಸುತ್ತುತ್ತಿತ್ತು. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೊಮೊ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರ. ಎರಡು ಮಕ್ಕಳು ತಾಯಿಯ ಭುಜಕ್ಕೆ ಮುಖ ಒತ್ತಿ ನಿಂತಿದ್ದಾರೆ, ಮಡಿಲಲ್ಲಿ ಹಸುಗೂಸು, ತಾಯಿಯ ಕೈ ಗಲ್ಲದ ಮೇಲೆ. ‘ವಲಸೆ ತಾಯಿ’ ಎಂದು ಜಗತ್ತು ಅದನ್ನು ಕರೆಯಿತು. ಲ್ಯಾಂಗ್ ಅಲ್ಲಿ ಕಳೆದದ್ದು ಕೆಲವೇ ನಿಮಿಷ. ಹೆಸರು ಕೇಳಲಿಲ್ಲ, ಹಿನ್ನೆಲೆ ಕೇಳಲಿಲ್ಲ ಎಂದು ಆಕೆಯೇ ಮುಂದೆ ಬರೆದಿದ್ದಾಳೆ. ಅಲ್ಲಿ ತೆಗೆದ ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡು, ಅಂದರೆ ಸುಮಾರು ಒಂಬತ್ತು ಟನ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಕೆಲಸ ಹುಡುಕುತ್ತ ಮುಂದಿನ ಊರಿಗೆ ಹೋಗಿಯಾಗಿತ್ತು. ನಲವತ್ತೆರಡು ವರ್ಷ ಕಳೆದು, 1978ರಲ್ಲಿ, ಪತ್ರಕರ್ತರೊಬ್ಬರು ಆಕೆಯನ್ನು ಹುಡುಕಿದರು. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆಕೆಯ ದೂರುಗಳಲ್ಲಿ ಎರಡು: ಲ್ಯಾಂಗ್ ಚಿತ್ರವನ್ನು ಎಲ್ಲೂ ಹಾಕುವುದಿಲ್ಲ ಎಂದಿದ್ದಳು, ಹಾಕಿದಳು, ಒಂದು ಕಾಪಿ ಕಳಿಸುತ್ತೇನೆ ಎಂದಿದ್ದಳು, ಕಳಿಸಲಿಲ್ಲ.

ಲ್ಯಾಂಗ್ ಆ ಹೊತ್ತಿಗೆ ಬದುಕಿರಲಿಲ್ಲ. ನಿಜವಾಗಿ ಏನು ಮಾತಾಯಿತು ಎಂಬುದಕ್ಕೆ ಸಾಕ್ಷಿಯಿಲ್ಲ. ಸರ್ಕಾರಿ ಕೆಲಸವಾದ್ದರಿಂದ ಆಕೆಗೂ ಆ ಚಿತ್ರದಿಂದ ರಾಯಧನ ಬರುತ್ತಿರಲಿಲ್ಲ. ಇಷ್ಟೆಲ್ಲ ಹೇಳಿ ಲ್ಯಾಂಗ್ ಪರ ವಾದಿಸಬಹುದು, ನಾನೂ ವಾದಿಸಿದ್ದೇನೆ. ಗುಳೇದಗುಡ್ಡದ ಬಾಗಿಲಲ್ಲಿ ನಿಂತಾಗ ಆ ವಾದದ ಬಲ ಒಂದು ಕಡೆಯಿಂದ ಕುಂದಿತು. ಲ್ಯಾಂಗ್ ಒಂದು ವೇಳೆ ಕಾಪಿ ಕಳಿಸಿದ್ದರೂ ಏನಾಗುತ್ತಿತ್ತು? ಆ ತಾಯಿ ಅದನ್ನು ಗೋಡೆಗೆ ಹಾಕುತ್ತಿದ್ದಳೇ? ತನ್ನ ಬದುಕಿನ ಅತಿ ಕಷ್ಟದ ದಿನದ ಮುಖವನ್ನು? ಆ ಚಿತ್ರದಿಂದ ತಮಗೆ ನಾಚಿಕೆಯಾಗುತ್ತಿತ್ತು ಎಂದು ಭುಜಕ್ಕೆ ಒರಗಿದ್ದ ಮಗಳೇ ಮುಂದೆ ಹೇಳಿದ್ದಾಳೆ. ನಮಗೆ ಇಷ್ಟವಾದ ಚಿತ್ರವನ್ನೇ ಅವರಿಗೆ ಕೊಟ್ಟು ಕೈ ತೊಳೆದುಕೊಂಡರೆ ಬಾಕಿ ತೀರುತ್ತದೆ ಎಂದು ತಿಳಿದದ್ದು ನಮ್ಮ ಅನುಕೂಲಕ್ಕೆ.

ಹೀಗೆ ಯೋಚಿಸಿದಾಗ ಸ್ಟುಡಿಯೋದವರು ನನ್ನ ಕಣ್ಣಲ್ಲಿ ಎತ್ತರವಾಗುತ್ತಾರೆ. ಬಾಲ್ಯದಲ್ಲಿ ನಾವೆಲ್ಲ ನಕ್ಕಿದ್ದೇವೆ: ಹಿಂದೆ ತಾಜ್‌ಮಹಲೋ ಜಲಪಾತವೋ ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಗಿರಾಕಿಯ ಕೈಗೆ ಸ್ಟುಡಿಯೋದವನದೇ ವಾಚು, ಜೇಬಿಗೆ ಸ್ಟುಡಿಯೋದವನದೇ ಪೆನ್ನು. ಇವನ ಎರಡನೇ ಕೆಲಸದ ನೆಪದಲ್ಲಿ ಅಂಥ ಒಬ್ಬ ಹಿರಿಯರನ್ನು ನಾನೂ ನೋಡಿದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದದ ಖಾಲಿ ಡಬ್ಬಿಗಳಲ್ಲಿ ಈಗ ಮೊಳೆ, ಗುಂಡಿ, ರಸೀದಿ ಪುಸ್ತಕ ಇಟ್ಟುಕೊಂಡಿದ್ದಾರೆ. ನೆಗೆಟಿವ್ ಟಚ್ ಮಾಡುವುದನ್ನು ತೋರಿಸಿ ಎಂದು ಕೇಳಿದ್ದಕ್ಕೆ ಓರೆಯಾದ ಗಾಜಿನ ಮೇಜಿನ ಹಿಂದೆ ದೀಪ ಹಚ್ಚಿ, ಹಳೆಯ ನೆಗೆಟಿವ್ ಒಂದನ್ನು ಇಟ್ಟರು. ಪೆನ್ಸಿಲ್ಲನ್ನು ಸೂಜಿಯಷ್ಟು ಚೂಪು ಮಾಡಿದರು. ನೆಗೆಟಿವಿನಲ್ಲಿ ಸಿಡುಬಿನ ಕಲೆ ತೆಳುವಾದ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುದಿಯನ್ನು ಸೋಕಿಸಿ ಸೋಕಿಸಿ ಸುತ್ತಲಿನ ಗಾಢತೆಗೆ ಸಮ ತಂದರೆ ಕಾಪಿಯಲ್ಲಿ ಕಲೆ ಮಾಯ. ಎಷ್ಟು ತಿದ್ದಬೇಕು ಎಂದು ಕೇಳಿದೆ. “ಹುಡುಗಿ ಕಡೆಯೋರು ನೋಡಿದಾಗ ಚಂದ ಕಾಣಬೇಕು, ಮದುವೆಯಾದ ಮೇಲೆ ಮೋಸ ಅನ್ನಬಾರದು, ಅಷ್ಟು” ಎಂದರು. ನಾನು ಓದಿದ ಛಾಯಾಗ್ರಹಣದ ನೀತಿಶಾಸ್ತ್ರಗಳಲ್ಲಿ ಇಷ್ಟು ಖಚಿತವಾದ ಅಳತೆ ಎಲ್ಲೂ ಸಿಕ್ಕಿಲ್ಲ. ಗಿರಾಕಿ ತಾನು ಹೇಗೆ ಕಾಣಬೇಕೆಂದು ಬಯಸುತ್ತಾನೋ ಅದಕ್ಕೆ ಬೆಲೆ ಕೊಟ್ಟವರು ಇವರು. ಕಲೆಯ ಹೆಸರಿನಲ್ಲಿ ಹೋದವರು ಆ ಬಯಕೆಯನ್ನೇ ಅಡ್ಡಿ ಎಂದುಕೊಂಡರು: ‘ಕ್ಯಾಮೆರಾ ನೋಡಬೇಡಿ, ನಿಮ್ಮ ಕೆಲಸ ನೀವು ಮಾಡ್ತಾ ಇರಿ.’

ಎಲ್ಲರೂ ಹಾಗಲ್ಲ. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿನ ಮಕ್ಕಳು, ಕೂಲಿಯವರು, ಬೀದಿಯವರು ತಾವು ಕದಿಯಲ್ಪಟ್ಟಂತೆ ಕಾಣುವುದಿಲ್ಲ. ಏಕೆಂದು ಹೇಳುವುದು ಕಷ್ಟ. ಅವರ ‘ಕಾಲಕ್ಕೆ ಕನ್ನಡಿ’ ಪುಸ್ತಕ ಓದಿದವರಿಗೆ ಒಂದು ಊಹೆ ಸಿಗಬಹುದು: ಅವರಿಗೆ ಜನರ ಜೊತೆ ಹರಟೆಯ ಚಟವಿತ್ತು, ಕ್ಯಾಮೆರಾ ಆಮೇಲೆ ಬರುತ್ತಿತ್ತು.

ಇನ್ನು ನನ್ನ ಗೆಳೆಯನ ಸ್ನೇಹಿತರ ಮಾತು. ರೀಲಿನವರದ್ದು ಸಣ್ಣ ಬಳಗ, ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲ. ನೂರು ಅಡಿಯ ಬಲ್ಕ್ ರೋಲ್ ಒಂದನ್ನು ನಾಲ್ಕು ಜನ ಸೇರಿ ಕೊಂಡು, ಕತ್ತಲಲ್ಲಿ ಕತ್ತರಿಸಿ, ಹಳೆಯ ಡಬ್ಬಿಗಳಿಗೆ ಸುತ್ತಿಕೊಳ್ಳುತ್ತಾರೆ; ಹದಿನೆಂಟು ರೀಲು ಆಗುತ್ತದೆ. ಡಿ-76 ಎಂಬ ಡೆವಲಪರ್ 1927ರಷ್ಟು ಹಳೆಯದು, ಅದರ ಪಾಕ ಎಲ್ಲರಿಗೂ ಗೊತ್ತಿರುವಂಥದ್ದು: ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್. ಶಿವಮೊಗ್ಗದ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರೊಬ್ಬರು ಮೆಟಾಲ್ ತೂಗಿ ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಲಂಡನ್‌ನಿಂದ ಬರುವ ಗೆಳತಿ ನಾಲ್ಕು ರೀಲು ತರುತ್ತಾಳೆ. ಅಲ್ಲಿನ ವಿಮಾನ ನಿಲ್ದಾಣಗಳಿಗೆ ಬಂದಿರುವ ಹೊಸ ಸಿ.ಟಿ. ಸ್ಕ್ಯಾನರ್‌ನೊಳಗೆ ಹೋದರೆ ಫಿಲ್ಮ್ ಮಂಕಾಗುತ್ತದೆಂದು ಕೈಯಿಂದಲೇ ತಪಾಸಣೆ ಮಾಡಿ ಎಂದು ಕಾವಲಿನವರನ್ನು ಕಾಡಿಬೇಡಿ ಹಾಯಿಸಿಕೊಂಡು ಬರುತ್ತಾಳೆ. ಬೆಂಗಳೂರಿನ ಮುದುಕ ಮೆಕ್ಯಾನಿಕ್ ಒಬ್ಬರು ಶಟರ್ ಸರಿಮಾಡಿ ದುಡ್ಡಿನ ಬದಲು ಒಂದು ಕಾಪಿ ಕೇಳುತ್ತಾರೆ. ಎಲ್ಲ ಮದುವೆಮನೆಯ ಮುಯ್ಯಿಯ ಹಾಗೆ. ಬಂದದ್ದು ಪುಸ್ತಕದಲ್ಲಿ ಇರುತ್ತದೆ, ತಿರುಗಿ ಹೋಗುವಾಗ ಅಷ್ಟೇ ಹೋಗಬೇಕು ಅಂತಿಲ್ಲ, ಆದರೆ ಹೋಗದೆ ಇರುವಂತಿಲ್ಲ.

ವೇಲ್ಸ್‌ನ ಛಾಯಾಗ್ರಾಹಕ ಡೇವಿಡ್ ಹರ್ನ್ ಈ ಕೊಡುಕೊಳ್ಳುವಿಕೆಯನ್ನೇ ಒಂದು ವ್ರತದಂತೆ ಮಾಡಿದವರು. ತಮಗೆ ಇಷ್ಟವಾದ ಚಿತ್ರ ತೆಗೆದವರ ಬಳಿ ಹೋಗಿ, ನಿಮ್ಮದೊಂದು ಕೊಡಿ, ನನ್ನದೊಂದು ಆರಿಸಿಕೊಳ್ಳಿ ಎನ್ನುತ್ತ ದಶಕಗಳ ಕಾಲ ಕೂಡಿಸಿದ್ದನ್ನು 2017ರಲ್ಲಿ ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅವರ ಲಂಡನ್ ಮನೆಯಲ್ಲಿ ಜೋಸೆಫ್ ಕುದೆಲ್ಕಾ ವರ್ಷಗಳ ಕಾಲ ಬಂದು ಹೋಗಿ ಮಾಡುತ್ತಿದ್ದ. 1968ರ ಆಗಸ್ಟ್‌ನಲ್ಲಿ ಪ್ರಾಗ್ ನಗರಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದನ್ನು ತೆಗೆದು, ಹೆಸರು ಹೇಳಿಕೊಳ್ಳಲಾರದೆ, 1970ರಲ್ಲಿ ದೇಶ ಬಿಟ್ಟ ಚೆಕ್ ಛಾಯಾಗ್ರಾಹಕ. ಅವನ ಪ್ರಯಾಣದ ಸಿದ್ಧತೆ ಎಂದರೆ ಒಂದು ಮಲಗುವ ಚೀಲ ಮತ್ತು ರೀಲುಗಳು. ಬೇಸಿಗೆಯೆಲ್ಲ ಯುರೋಪಿನಲ್ಲಿ ಅಲೆದು, ಚಳಿಗಾಲಕ್ಕೆ ಗೆಳೆಯರ ನೆಲದ ಮೇಲೆ ಮಲಗಿ ತೊಳೆಯುವ, ಪ್ರಿಂಟ್ ಹಾಕುವ ಕೆಲಸ. ದೇಶವಿಲ್ಲದವನಿಗೆ ಗೆಳೆಯರ ಮನೆಯ ನೆಲವೇ ವಿಳಾಸವಾಗಿತ್ತು.

ನನ್ನ ಗೆಳೆಯನ ಚೀಲ ಅಷ್ಟು ಹಗುರವಲ್ಲ. ಅವನೀಗ ಹೊರಟಿರುವುದು ಬನದ ಹುಣ್ಣಿಮೆಗೆ ನಡೆಯುವ ಬಾದಾಮಿಯ ಬನಶಂಕರಿ ಜಾತ್ರೆಗೆ. ನೇಕಾರರಿಗೆ ಆಕೆ ಮನೆದೇವರು. ಆ ದಿನಗಳಲ್ಲಿ ಹೊಸ ಬಟ್ಟೆ ಉಟ್ಟ ಜನ ಸಿಗುತ್ತಾರೆ. ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದಾನೆ, ಬಾದಾಮಿಯಲ್ಲಿ ಇಳಿದು ಮುಂದಕ್ಕೆ ಬಸ್ಸು. ಎಲ್ಲಕ್ಕಿಂತ ಮೊದಲು ಚೀಲಕ್ಕೆ ಹೋಗುವುದು ಕೊಡಬೇಕಾದ ಕಾಪಿಗಳು, ಮನೆಯ ಗುರುತು ಬರೆದ ಲಕೋಟೆಗಳಲ್ಲಿ. ಆಮೇಲೆ ಬ್ಯಾಟರಿಯಿಲ್ಲದೆಯೂ ನಡೆಯುವ ಹಳೆಯ ನಿಕಾನ್, ಕಪ್ಪು-ಬಿಳುಪಿನ ರೀಲುಗಳು, ಟಾರ್ಚು, ಒಂದು ಬಿಳಿ ಪಂಚೆ. ಪಂಚೆ ಉಡುವುದಕ್ಕಲ್ಲ, ನೆರಳಿನ ಕಡೆ ಹಿಡಿದು ಮುಖಕ್ಕೆ ಬೆಳಕು ತಿರುಗಿಸುವುದಕ್ಕೆ. ಈ ಸಲ ಹೊಸದಾಗಿ ಸೇರಿದ್ದು ಬಣ್ಣದ ರೀಲು. ಪ್ರಾಜೆಕ್ಟಿಗೂ ಅದಕ್ಕೂ ಸಂಬಂಧವಿಲ್ಲ, ಅದರ ಒಂದು ಚಿತ್ರವೂ ಪ್ರದರ್ಶನಕ್ಕೆ ಹೋಗುವುದಿಲ್ಲ. ಯಾರು ಹೇಗೆ ನಿಲ್ಲುತ್ತೇನೆ ಎನ್ನುತ್ತಾರೋ ಹಾಗೆ ತೆಗೆದುಕೊಡುವುದಕ್ಕೆ. ಮೊದಲು ಅದು, ಆಮೇಲೆ ತನ್ನ ಕೆಲಸ ಎಂದು ನಿರ್ಧರಿಸಿದ್ದಾನೆ. ಬಣ್ಣದ್ದನ್ನು ಮನೆಯಲ್ಲಿ ತೊಳೆಯಲು ಅವನಿಗೆ ಬಾರದು, ಬೆಂಗಳೂರಿನ ಲ್ಯಾಬಿಗೆ ಕೊಡಬೇಕು, ಖರ್ಚು ದುಪ್ಪಟ್ಟು. ಅದಕ್ಕಾಗಿ ಒಂದು ಮದುವೆ ಫೋಟೋದ ಕೆಲಸ ಒಪ್ಪಿಕೊಂಡಿದ್ದಾನೆ, ಡಿಜಿಟಲ್ ಕ್ಯಾಮೆರಾದಲ್ಲಿ!

ಇಲ್ಲಿಯವರೆಗೆ ನಮ್ಮಿಬ್ಬರದು ಒಂದೇ ಮಾತು. ಮುಂದೆ ಜಗಳ. ನೇಕಾರರ ಚಿತ್ರಗಳು ಪುಸ್ತಕವಾಗುವ ಮಾತು ನಡೆದಿದೆ. ಆ ಅರ್ಧ ನೆರಳಿನ ಚಿತ್ರವನ್ನು ಹಾಕಲೇ ಎಂದು ಗುಳೇದಗುಡ್ಡದ ಆ ಹಿರಿಯ ಹೆಂಗಸನ್ನು ಕೇಳುತ್ತಾನಂತೆ.

“ಬೇಡ ಅಂತಾರೆ, ನೋಡ್ತಿರು” ಎಂದೆ.

“ಬೇಡ ಅಂದ್ರೆ ಹಾಕಲ್ಲ ಕಣಯ್ಯ.”

“ಅದಿಲ್ಲದೆ ಪುಸ್ತಕ ಏನು?”

“ಒಂದು ಪುಟ ಕಮ್ಮಿ ಆಗತ್ತೆ.”

ನನಗೆ ಇದು ಒಪ್ಪಿಗೆಯಿಲ್ಲ. ಥಾಂಪ್ಸನ್ ಬೇಡ ಎಂದಿದ್ದರೆ, ಲ್ಯಾಂಗ್ ಕೇಳಿದ್ದರೆ, ಆ ಚಿತ್ರಗಳು ಬರುತ್ತಿರಲಿಲ್ಲ. ನಿಪೊಮೊದ ಉಳಿದ ಕೂಲಿಗಳಿಗೆ ಒಂಬತ್ತು ಟನ್ ಆಹಾರವೂ ಬರುತ್ತಿರಲಿಲ್ಲ. ಒಬ್ಬರ ನಾಚಿಕೆಯ ಎದುರು ಎಷ್ಟು ಜನರ ಊಟ ಇಟ್ಟು ತೂಗಬೇಕು? ನಾನು ಹೀಗೆ ಕೇಳಿದಾಗ ಅವನು ಹೇಳುವುದು, ನನ್ನ ಪುಸ್ತಕದಿಂದ ಯಾರಿಗೂ ಒಂದು ತುತ್ತು ಹುಟ್ಟುವುದಿಲ್ಲ, ಆದ್ದರಿಂದ ನನ್ನ ತೂಕದ ಲೆಕ್ಕ ಸುಲಭ ಎಂದು. ಅದಕ್ಕೆ ನನ್ನ ಹತ್ತಿರ ಉತ್ತರವಿದೆ, ಕಾಣಿಸದೆ ಹೋಗುವ ಕಸುಬನ್ನು ಕಾಣಿಸುವುದೂ ಒಂದು ಉಪಕಾರವೇ ಎಂದು. ಆ ಉತ್ತರ ನನಗೇ ಪೂರ್ತಿ ಹಿಡಿಸಿಲ್ಲ, ಏಕೆಂದರೆ ನೇಯ್ದ ಬಣ್ಣವೇ ಆ ಚಿತ್ರದಲ್ಲಿ ಕಾಣಿಸುತ್ತಿಲ್ಲ ಎನ್ನುವುದೇ ಆಕೆಯ ತಕರಾರಾಗಿತ್ತು. ಜಾತ್ರೆ ಮುಗಿಸಿಕೊಂಡು ಬರಲಿ. ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ.